ಡಾಕ್ಟರ ಮನೆಯ ಹಳೇ ಫೈನಲ್‌ಗಳು

ಕಳೆದ ವಾರ ಮಗಳು ಇಂಚರಳಿಗೆ ಶಾಲೆಯ ಬೂಟು ಕೊಡಿಸಲು ರಿಕ್ಕರ್ಟನ್‌ನ ಮಾಲ್‌ಗೆ ಹೋಗಿದ್ದೆ. ಬೂಟು ಕೊಂಡು ಫುಡ್‌ಕೋರ್ಟ್ ಹಾದು ಬರುವಾಗ ಹೊಸದಾಗಿ ತೆರೆದ ಒಂದು ಅಂಗಡಿಯಿಂದ ಆ ವಾಸನೆ ಬಂತು. ವಿನೆಗರ್, ಕರಗಿದ ಬೆಣ್ಣೆ, ಮೂಗಿಗೆ ಅಡರುವ ಖಾರದ ಸಾಸ್, ಅದರಲ್ಲಿ ಹೊರಳಾಡಿದ ಕೋಳಿಯ ರೆಕ್ಕೆಗಳು. ಮೂಗು ಮುಚ್ಚಿಕೊಂಡು ಅಲ್ಲೇ ಒಂದು ಕುರ್ಚಿಯ ಬೆನ್ನು ಹಿಡಿದು ನಿಂತೆ. ನಾನು ಮಾಂಸ ತಿನ್ನದವಳಲ್ಲ. ಮೈಸೂರಿನ ನಮ್ಮ ಮನೆಯಲ್ಲಿ ಭಾನುವಾರವೆಂದರೆ ಕೋಳಿ ಸಾರು, ಮುದ್ದೆ. ನನ್ನ ಹೇಸಿಗೆ ಕೋಳಿಯ ಮೇಲಿನದಲ್ಲ. ಅಂಗಡಿಯ ಮೇಲ್ಗಡೆ ದೊಡ್ಡ ಟೀವಿಯಲ್ಲಿ ಹೆಲ್ಮೆಟ್ ತೊಟ್ಟ ದಾಂಡಿಗರು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಯಾವುದೋ ಹಳೆಯ ವರ್ಷದ ಅಮೆರಿಕನ್ ಫುಟ್‌ಬಾಲ್ ಫೈನಲ್. ಕೆಳಗೊಂದು ಬೋರ್ಡು: ನಿಮ್ಮ ಮೆಚ್ಚಿನ ಫೈನಲ್ ಯಾವುದು? ಓಟು ಹಾಕಿ, ಒಂದು ಪ್ಲೇಟ್ ರೆಕ್ಕೆ ಗೆಲ್ಲಿ.

“ಅಮ್ಮಾ, ಆರ್ ಯೂ ಓಕೆ?” ಎಂದಳು ಇಂಚರ. ಅವಳೂ ಟೀವಿ ನೋಡಿದ್ದಳು. ನನ್ನ ಕೈಯಿಂದ ಬೂಟಿನ ಚೀಲ ತೆಗೆದುಕೊಂಡು, “ಲೆಟ್ಸ್ ಗೋ ದಿ ಅದರ್ ವೇ” ಎಂದು ತೋಳು ಹಿಡಿದು ನನ್ನನ್ನು ಬೇರೆ ಬಾಗಿಲ ಕಡೆಗೆ ತಿರುಗಿಸಿದಳು.

ಹೊರಗೆ ಕಾರಿನಲ್ಲಿ ನನ್ನ ಗಂಡ ಗುರು ಟೋಪಿಯನ್ನು ಕಣ್ಣಿನ ಮೇಲೆಳೆದುಕೊಂಡು ಕೂತಿದ್ದ. ಮಾಲ್‌ನ ಬೆಳಕು ಅವನಿಗೆ ಈಗಲೂ ಆಗುವುದಿಲ್ಲ, ಒಳಗೆ ಬಂದ ಸ್ವಲ್ಪ ಹೊತ್ತಿಗೆ ತಲೆ ಸಿಡಿಯತೊಡಗುತ್ತದೆ. ಅವನಿಗೆ ಏನೂ ಹೇಳಲಿಲ್ಲ. ಆದರೆ ಮನೆ ತಲುಪುವವರೆಗೂ ಆ ಒಂದು ಬೇಸಿಗೆ ನನ್ನ ಗಂಟಲಲ್ಲಿ ಕೂತಿತ್ತು. ಉಗುಳಿಬಿಡೋಣವೆಂದು ಇದನ್ನು ಬರೆಯುತ್ತಿದ್ದೇನೆ.

ಗುರು ಗದಗಿನವನು. ಬೆಂಗಳೂರಿನಲ್ಲಿ ಒಂದೇ ಆಫೀಸಿನಲ್ಲಿದ್ದಾಗ ಪರಿಚಯವಾಗಿ ಮದುವೆಯಾದವರು ನಾವು. ನ್ಯೂಜಿಲೆಂಡಿನ ಈ ಕ್ರೈಸ್ಟ್‌ಚರ್ಚ್‌ಗೆ ಬಂದದ್ದು ಅವನ ಸಾಫ್ಟ್‌ವೇರ್ ಕೆಲಸದ ಮೇಲೆ. ಬಂದ ಕೆಲವು ವರ್ಷಕ್ಕೆ ಅವನ ಕಂಪನಿ ಆ ತಂಡವನ್ನೇ ಮುಚ್ಚಿತು. ಅಷ್ಟರಲ್ಲಿ ನಾನು ಇಲ್ಲಿಯ ಓದು ಮುಗಿಸಿ ಒಂದು ಪ್ರೀಸ್ಕೂಲಿನಲ್ಲಿ ಟೀಚರಾಗಿದ್ದೆ. ಗುರು ಹಾರ್ನ್‌ಬಿಯ ಒಂದು ಗೋದಾಮಿನಲ್ಲಿ ಸರಕು ಎತ್ತಿಡುವ ಫೋರ್ಕ್‌ಲಿಫ್ಟ್ ಓಡಿಸಲು ಸೇರಿಕೊಂಡ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇರಲಿಲ್ಲ. ಆದರೆ ನಮ್ಮವರು ನಾಲ್ಕು ಜನ ಸೇರಿದ ಕಡೆ ಯಾರಾದರೂ “ಎಲ್ಲಿ ಕೆಲಸ?” ಎಂದರೆ ಅವನು ನೆಲ ನೋಡಿಕೊಂಡು “ಲಾಜಿಸ್ಟಿಕ್ಸ್‌ನಾಗ ಅದೀನ್ರಿ” ಎನ್ನುತ್ತಿದ್ದ. ಆ ಮಾತು ಕೇಳಿದಾಗಲೆಲ್ಲ ನನಗೆ ಅವನ ಬಗ್ಗೆ ಕನಿಕರವೂ ಸಿಟ್ಟೂ ಒಟ್ಟಿಗೇ ಬರುತ್ತಿದ್ದವು.

ಅಂಥ ಒಂದು ಕೂಟದಲ್ಲಿಯೇ ಡಾಕ್ಟರು ಅವನನ್ನು ಹಿಡಿದುಕೊಂಡದ್ದು. ಹೆಸರು ಶ್ರೀಕಂಠ, ಎಲ್ಲರ ಬಾಯಲ್ಲೂ ಬರೀ ಡಾಕ್ಟರು. ಬೆಂಗಳೂರಿನಲ್ಲಿ ಓದಿ, ಅಮೆರಿಕದಲ್ಲಿ ಕೆಲವು ವರ್ಷ ಇದ್ದು, ಆಮೇಲೆ ಇಲ್ಲಿಗೆ ಬಂದು ಕ್ಲಿನಿಕ್ಕಿನಲ್ಲಿ ಕೂತವರು. ಆ ಕೆಲವು ವರ್ಷ ಅವರ ಮೈಗೆ ಅತ್ತರಿನಂತೆ ಅಂಟಿಕೊಂಡಿತ್ತು. ಇಲ್ಲಿಯ ರಸ್ತೆ ಕಿರಿದು, ಇಲ್ಲಿಯ ಕಾರು ಚಿಕ್ಕದು, ಇಲ್ಲಿಯ ರಗ್ಬಿ ಹಳ್ಳಿ ಹುಡುಗರ ಆಟ. “ಗೇಮ್ ಅಂದ್ರೆ ಅದೊಂದೇ ಕಣಯ್ಯ, ಅಮೆರಿಕನ್ ಫುಟ್‌ಬಾಲ್. ಅದರ ಫೈನಲ್ ನೋಡಿಲ್ಲ ಅಂದ್ರೆ ನೀನೇನೂ ನೋಡಿಲ್ಲ” ಎಂದು ಗುರುವಿನ ಹೆಗಲ ಮೇಲೆ ಕೈ ಹಾಕಿದರು. ಗ್ಯಾರೇಜನ್ನು ಅವರು ಸಿನಿಮಾ ಕೋಣೆ ಮಾಡಿಸಿದ್ದರು. ಆ ಬೇಸಿಗೆ ಪ್ರತಿ ಭಾನುವಾರ ಅಲ್ಲಿ ಒಂದೊಂದು ಹಳೆಯ ಫೈನಲ್ ನೋಡುವುದು, ಕೊನೆಗೆ ಎಲ್ಲರೂ ಓಟು ಹಾಕಿ ಅತಿ ಮೆಚ್ಚಿನ ಫೈನಲ್ ಆರಿಸುವುದು, ಫೆಬ್ರವರಿಯ ಒಂದು ಸೋಮವಾರ ಆ ವರ್ಷದ ಹೊಸ ಫೈನಲ್ ನಡೆಯುವಾಗ ಎಲ್ಲರೂ ರಜೆ ಹಾಕಿ ಸೇರುವುದು ಎಂದು ಅವರ ಯೋಜನೆ.

“ಬಾ ನೀನೂ, ಕಿರಣನೂ ಬರ್ತಾನೆ” ಎಂದರು. ಕಿರಣ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ತಂಡದ ಮುಖ್ಯಸ್ಥ, ನಮಗಿಂತ ಚಿಕ್ಕವನು. ಅವನ ತಂಡಕ್ಕೆ ಜನ ಬೇಕಿದ್ದಾರೆಂದು ಎಲ್ಲರಿಗೂ ಗೊತ್ತಿತ್ತು. ಗುರುವಿನ ಕಣ್ಣು ಬೆಳಗಿದ್ದನ್ನು ನಾನು ನೋಡಿದೆ.

ಅವನು ಆ ಆಟವನ್ನು ಪರೀಕ್ಷೆಗೆ ಓದಿದಂತೆ ಓದಿದ. ಗೋದಾಮಿನಿಂದ ಬಂದವನು ಸ್ನಾನ ಮಾಡಿ, ತಟ್ಟೆ ಮುಂದಿಟ್ಟುಕೊಂಡು, ಫೋನಿನಲ್ಲಿ ನಿಯಮಗಳ ವಿಡಿಯೋ ನೋಡುತ್ತಿದ್ದ. ಕಾಲೇಜಿನಲ್ಲಿ ಅವನು ಕಬಡ್ಡಿ ಆಟಗಾರ, ಜಿಲ್ಲೆಯ ತಂಡದಲ್ಲಿದ್ದವನು. “ನಮ್ಮ ಕಬಡ್ಡಿ ಇದ್ದಂಗ ಐತಿ ರೇವತಿ. ಹಿಡಿಯವ್ರು ಹಿಡಿತಿರ್ತಾರ, ನಾವು ಗೆರಿ ಮುಟ್ಟಬೇಕು, ಅಷ್ಟ” ಎಂದು ನಗುತ್ತಿದ್ದ. ಆಟ ಅವನಿಗೆ ನಿಜಕ್ಕೂ ಹಿಡಿಸಿತ್ತೇನೋ. ಆದರೆ ಆನ್‌ಲೈನಿನಲ್ಲಿ ಡಾಕ್ಟರ ಮೆಚ್ಚಿನ ತಂಡದ ಜೆರ್ಸಿ ತರಿಸಿ, ಕನ್ನಡಿ ಮುಂದೆ ನಿಂತು ಆ ಆಟಗಾರರ ಹೆಸರುಗಳನ್ನು ಅಮೆರಿಕದವರ ಹಾಗೆ ಉಚ್ಚರಿಸಲು ಕಲಿಯುತ್ತಿದ್ದಾಗ ನನಗೆ ನೋಡಲಾಗಲಿಲ್ಲ. ಎದ್ದು ಅಡುಗೆಮನೆಗೆ ಹೋದೆ.

ಇಲ್ಲಿ ಬೇಸಿಗೆ ಬರುವುದು ಡಿಸೆಂಬರಿಗೆ, ಅಲ್ಲಿಂದಲೇ ಶುರುವಾಯಿತು. ಗುಡ್ಡದ ಮಗ್ಗುಲಲ್ಲಿ ಅವರ ಮನೆ. ಹಿಂದೆ ದೊಡ್ಡ ಹುಲ್ಲುಹಾಸು, ಅದರ ಅಂಚಿಗೆ ದಪ್ಪ ಮರದ ದಿಮ್ಮಿ ಕೂರಿಸಿ ಕಟ್ಟಿದ ತರಕಾರಿ ಮಡಿ, ಮಕ್ಕಳಿಗೆ ಕುಪ್ಪಳಿಸಲು ಟ್ರ್ಯಾಂಪೊಲಿನ್. ಗಂಡಸರು ಗ್ಯಾರೇಜಿನಲ್ಲಿ, ಹೆಂಗಸರು ಅಡುಗೆಮನೆಯಲ್ಲಿ. ಡಾಕ್ಟರ ಹೆಂಡತಿ ವಸಂತಾ ಆಂಟಿ ಕೆಟ್ಟವರಲ್ಲ, ಸುಸ್ತಾದವರು. “ಅಲ್ಲಿ ಹಿಂಗೇ ಮಾಡ್ತಾರಂತಮ್ಮ” ಎಂದು ಬಕೆಟ್ಟಿನಷ್ಟು ರೆಕ್ಕೆಗಳನ್ನು ನಮ್ಮ ಮುಂದಿಡುತ್ತಿದ್ದರು. ಕರಿಯುವುದು, ಬೆಣ್ಣೆ ಮತ್ತು ಸಾಸಿನಲ್ಲಿ ಅದ್ದುವುದು, ತಟ್ಟೆ ತುಂಬಿ ಕಳಿಸುವುದು, ಖಾಲಿ ತಟ್ಟೆ ತೊಳೆಯುವುದು. ನಮಗೆಂದು ಮೂಲೆಯಲ್ಲಿ ಒಂದು ಡಬ್ಬ ಚಿತ್ರಾನ್ನ.

ತಟ್ಟೆ ತರಲು ನಾನು ಗ್ಯಾರೇಜಿಗೆ ಹೋದಾಗ ಕಾಣುತ್ತಿದ್ದ ದೃಶ್ಯ ಇನ್ನೂ ಕಣ್ಣಿಗೆ ಕಟ್ಟಿದೆ. ಓದು ಬರಹ ಬಲ್ಲ, ಮನೆಯಲ್ಲಿ ಚಮಚದಲ್ಲಿ ಮೊಸರನ್ನ ತಿನ್ನುವ ಗಂಡಸರು ಬಾಯಿ ಮೂಗಿಗೆಲ್ಲ ಕೆಂಪು ಸಾಸ್ ಬಳಿದುಕೊಂಡು, ಎಲುಬು ಚೀಪಿ, ಚೀಪಿದ್ದನ್ನು ಕೈಗೆ ಸಿಕ್ಕಲ್ಲಿ ಇಡುತ್ತಿದ್ದರು. ಸೋಫಾದ ತೋಳಿನ ಮೇಲೆ, ಹೂವಿನ ಕುಂಡದಲ್ಲಿ, ಒಮ್ಮೆ ಯಾರದೋ ಮಗುವಿನ ಬೂಟಿನೊಳಗೆ. ಗಾಜಿನ ಬಾಗಿಲ ತುಂಬ ಜಿಡ್ಡು ಬೆರಳಿನ ಗುರುತು. ಅದನ್ನು ಒರೆಸಿದವರಲ್ಲಿ ನಾನೂ ಒಬ್ಬಳು.

ಒಬ್ಬೊಬ್ಬರಿಗೂ ಒಂದೊಂದು ಮೆಚ್ಚಿನ ಫೈನಲ್. ಒಬ್ಬನಿಗೆ, ಬಹಳ ಹಿಂದೆ ಬಿದ್ದು ಇನ್ನೇನು ಸೋತೇಬಿಟ್ಟಿತು ಎನ್ನುವ ತಂಡ ತಿರುಗಿಬಿದ್ದು ಗೆದ್ದದ್ದು. ಇನ್ನೊಬ್ಬನಿಗೆ, ಆಟಗಾರನೊಬ್ಬ ಬೀಳುತ್ತಾ ಬೀಳುತ್ತಾ ಚೆಂಡನ್ನು ತನ್ನ ಹೆಲ್ಮೆಟ್ಟಿಗೇ ಒತ್ತಿ ಹಿಡಿದದ್ದು. ಡಾಕ್ಟರಿಗೆ, ಕೊನೆಯ ಕ್ಷಣದಲ್ಲಿ ಓಟಗಾರ ಗೆರೆಗೆ ಒಂದೇ ಗಜ ಇರುವಾಗ ಎದುರಾಳಿ ಅವನ ಕಾಲು ತಬ್ಬಿ ಕೆಡವಿದ್ದು. ಬಿದ್ದವನು ಕೈ ಚಾಚಿ ಚಾಚಿ ಗೆರೆ ಮುಟ್ಟದೇ ಹೋದದ್ದು. ಈ ಆಟಗಳಲ್ಲಿ ಸೊಗಸು ಇರಲಿಲ್ಲವೆಂದು ನಾನು ಹೇಳುವುದಿಲ್ಲ. ಆ ಚಾಚಿದ ಕೈ ನೋಡಿ ನಾನೂ ತಟ್ಟೆ ಹಿಡಿದು ಅಲ್ಲೇ ನಿಂತುಬಿಟ್ಟಿದ್ದೆ. ಅಸಹ್ಯವಾಗುತ್ತಿದ್ದುದು ಅವರು “ನಾವು” ಎನ್ನುತ್ತಿದ್ದ ರೀತಿ. ಡಾಕ್ಟರನ್ನು ಬಿಟ್ಟರೆ ಯಾರೂ ಕಾಲಿಡದ ಊರು, ಕಂಡರಿಯದ ಜನ. ಆದರೂ “ನಾವು ಗೆದ್ವಿ”, “ನಾವು ಹೊಡೆದು ಹಾಕಿದ್ವಿ”. ಯಾರಾದರೂ ಜೋರಾಗಿ ಹೊಡೆತ ತಿಂದು ಮಲಗಿದರೆ ಡಾಕ್ಟರು ಅದನ್ನೇ ಹಿಂದಕ್ಕೆ ಓಡಿಸಿ ಮತ್ತೆ ಮತ್ತೆ ಹಾಕುತ್ತಿದ್ದರು. ಬಿದ್ದವನ ತೋಳು ಬೊಂಬೆಯ ತೋಳಿನಂತೆ ಗಾಳಿಯಲ್ಲಿ ಸೆಟೆದು ನಿಲ್ಲುತ್ತಿತ್ತು. ಆಗ ಗ್ಯಾರೇಜಿನ ತುಂಬ ನಗು. ಗುರು ನಗುವ ಮುಂಚೆ ಒಮ್ಮೆ ಕಿರಣನ ಮುಖ ನೋಡುತ್ತಿದ್ದ. ಅವನು ನಕ್ಕರೆ ಇವನೂ ನಗುತ್ತಿದ್ದ.

“ಕೆಲಸದ ಮಾತು ಎತ್ತಿದ್ಯಾ?” ಎಂದು ಹಿಂದಿರುಗುವಾಗ ಕೇಳಿದರೆ, “ಹಂಗ ಒಮ್ಮೆಲೆ ಕೇಳಾಕ ಬರತೈತೇನು? ಮೊದಲ ದೋಸ್ತಿ ಆಗಲಿ” ಎನ್ನುತ್ತಿದ್ದ. ಬಾಯಲ್ಲಿ ಸಾಸಿನ ನಾತ.

ಜನವರಿಯ ಕೊನೆಯ ಆ ಭಾನುವಾರ ಬೆಳಗಿನಿಂದಲೇ ನಾರ್ವೆಸ್ಟರ್ ಬೀಸುತ್ತಿತ್ತು. ಕ್ರೈಸ್ಟ್‌ಚರ್ಚ್‌ನಲ್ಲಿ ಇದ್ದವರಿಗೆ ಆ ಗಾಳಿ ಗೊತ್ತು. ಬೆಟ್ಟ ದಾಟಿ ಬರುವಾಗ ಒಲೆಯ ಬಾಯಿಂದ ಬಂದಂತೆ ಬಿಸಿಯಾಗಿ, ಒಣಗಿ, ಹಲ್ಲಿನ ಸಂದಿಗೆಲ್ಲ ಧೂಳು ತುಂಬಿ, ಮನುಷ್ಯರ ತಲೆ ಕೆಡಿಸುತ್ತದೆ. ಅಡುಗೆಮನೆಯಲ್ಲಿ ಎಣ್ಣೆ ಕಾಯುತ್ತಿತ್ತು. ಆ ದಿನ ಡಾಕ್ಟರ ಮೆಚ್ಚಿನ ಫೈನಲ್. ಅದು ಮುಗಿಯುತ್ತಿದ್ದಂತೆ ಗಂಡಸರೆಲ್ಲ ಹುಲ್ಲುಹಾಸಿಗೆ ಬಂದರು. ಡಾಕ್ಟರ ಕೊರಳಲ್ಲಿ ಸೀಟಿ.

“ಕೊನೇ ಸೀನ್ ನಾವೇ ಮಾಡಿಬಿಡೋಣ. ಗುರು ಓಡ್ಲಿ, ಕಿರಣ ಹಿಡೀಲಿ” ಎಂದರು. ತೋಟಕ್ಕೆ ನೀರು ಹಾಯಿಸುವ ಹಳದಿ ಪೈಪನ್ನು ತರಕಾರಿ ಮಡಿಯ ಮುಂದೆ ಉದ್ದಕ್ಕೆ ಹಾಸಿದರು. ಅದೇ ಗೆರೆ. “ಗುರು, ನೀನು ಮುಟ್ಟಬಾರ್ದು, ಗೊತ್ತಲ್ಲ? ಒಂದು ಗಜ ಇರೋವಾಗ ಬೀಳ್ಬೇಕು.”

“ಗೊತ್ತೈತ್ರಿ ಡಾಕ್ಟ್ರ” ಎಂದ ಗುರು, ಚೆಂಡು ಕಂಕುಳಿಗೆ ಸಿಕ್ಕಿಸಿಕೊಂಡು.

ನಾನು ಗಾಜಿನ ಬಾಗಿಲ ಹಿಂದೆ, ಕೈಯಲ್ಲಿ ಜಾಲರಿ ಸೌಟು ಹಿಡಿದು ನಿಂತಿದ್ದೆ. ಇಂಚರ ಟ್ರ್ಯಾಂಪೊಲಿನ್ ಮೇಲಿನಿಂದ ನೋಡುತ್ತಿದ್ದಳು. ಸೀಟಿ ಕೇಳಿಸಿತು. ಗುರು ಓಡಿದ. ಗೋದಾಮಿನ ಕೆಲಸ ಅವನ ಮೈಯನ್ನು ಗಟ್ಟಿ ಮಾಡಿತ್ತು, ಕಾಲಲ್ಲಿ ಕಬಡ್ಡಿ ಇನ್ನೂ ಉಳಿದಿತ್ತು. ಕಿರಣ ಅಡ್ಡ ಬಂದ. ಗುರು ಸೊಂಟ ಹೊರಳಿಸಿ ಅವನನ್ನು ದಾಟಿಯೇಬಿಟ್ಟ. ಕಿರಣ ಹುಲ್ಲಿನ ಮೇಲೆ ಮಂಡಿಯೂರಿ ಬಿದ್ದ. ಹೆಂಗಸರು, ಮಕ್ಕಳು, ಎಲ್ಲರೂ ಹೋ ಎಂದು ನಕ್ಕರು. ಗುರು ಅಲ್ಲಿಗೆ ನಿಂತ. ನೆನಪಿಟ್ಟುಕೊಂಡು ನಿಂತ. ಹೇಳಿಕೊಟ್ಟಂತೆ ಒಂದು ಗಜ ಬಿಟ್ಟು ನಿಂತು, ಕೈ ಚಾಚಿ ಬೀಳುವ ನಾಟಕಕ್ಕೆ ನಿಧಾನವಾಗಿ ಬಗ್ಗುತ್ತಿದ್ದ. ಆಗ ಹಿಂದಿನಿಂದ ಎದ್ದು ಬಂದ ಕಿರಣ ತನ್ನ ಭುಜವನ್ನು ಅವನ ಬೆನ್ನಿಗೆ ಹೊಡೆದ. ನಗೆಪಾಟಲಾದ ಸಿಟ್ಟೆಲ್ಲ ಆ ಭುಜದಲ್ಲಿತ್ತು. ಗುರು ಪೈಪನ್ನು ದಾಟಿ ಹೋಗಿ ಮಡಿಯ ದಿಮ್ಮಿಗೆ ತಲೆ ಬಡಿದುಕೊಂಡ. ಗಾಜಿನ ಈಚೆ ನಿಂತ ನನಗೂ ಆ ಸದ್ದು ಕೇಳಿಸಿತು.

ಅವನ ಎಡಗೈ ಸೆಟೆದು, ಬೆರಳು ಅಗಲಿಸಿಕೊಂಡು ಗಾಳಿಯಲ್ಲಿ ನಿಂತಿತು. ಟೀವಿಯಲ್ಲಿ ಹಿಂದಕ್ಕೆ ಓಡಿಸಿ ನೋಡುತ್ತಿದ್ದರಲ್ಲ, ಹಾಗೆಯೇ.

ಡಾಕ್ಟರು ಸೀಟಿ ಊದಿದರು. ಬಿದ್ದವನನ್ನು ದಾಟಿಕೊಂಡು ಹೋಗಿ, ಸೊಪ್ಪಿನ ನಡುವೆ ಉರುಳಿದ್ದ ಚೆಂಡು ಎತ್ತಿಕೊಂಡು, ಎರಡೂ ಕೈ ಮೇಲೆತ್ತಿ “ಗೇಮ್ ಓವರ್!” ಎಂದು ಕೂಗಿದರು. ಚಪ್ಪಾಳೆ. ಯಾರೋ ಫೋನಿನಲ್ಲಿ ಎಲ್ಲವನ್ನೂ ಹಿಡಿಯುತ್ತಿದ್ದರು.

ನಾನು ಓಡಿ ಬಂದೆ. ಗುರುವಿನ ಕಣ್ಣು ಅರ್ಧ ತೆರೆದಿತ್ತು, ಏನನ್ನೂ ನೋಡುತ್ತಿರಲಿಲ್ಲ. “ಗುರು, ಗುರು” ಎಂದು ಕೂಗಿದರೂ ಉತ್ತರವಿಲ್ಲ. ನನ್ನ ಕೈಯಲ್ಲಿನ್ನೂ ಸೌಟು ಇತ್ತು. ಎಣ್ಣೆ ಅವನ ಜೆರ್ಸಿಯ ಮೇಲೆ ತೊಟ್ಟಿಕ್ಕುತ್ತಿತ್ತು. ಎಷ್ಟು ಹೊತ್ತಾಯಿತೋ. ಕಡೆಗೆ ಕಣ್ಣು ಹೊರಳಿಸಿದ. ಇಬ್ಬರು ಅವನನ್ನು ಎತ್ತಿ ಕೂರಿಸಿದರು. ಅವನು ಸುತ್ತ ನಿಂತವರ ಮುಖಗಳನ್ನು ಒಂದೊಂದಾಗಿ ನೋಡಿದ. ಅವರು ನಗುತ್ತಿದ್ದರು. ಅವನೂ ನಕ್ಕ. ಯಾಕೆಂದು ತಿಳಿಯದೆ, ಎಲ್ಲರಿಗಿಂತ ಜೋರಾಗಿ ನಕ್ಕ.

ಡಾಕ್ಟರು ಫೋನಿನ ಟಾರ್ಚು ಹಾಕಿ ಅವನ ಕಣ್ಣಿಗೆ ಬಿಟ್ಟು, “ಏನಿಲ್ಲಮ್ಮ. ತಲೆಯೊಳಗೆ ಸ್ವಲ್ಪ ಗಂಟೆ ಹೊಡೆದ ಹಾಗಾಗಿದೆ ಅಷ್ಟೆ. ಅಮೆರಿಕದಲ್ಲಿ ಇದಾದ ಮೇಲೂ ಮ್ಯಾಚ್ ಮುಗಿಸ್ತಾರೆ. ಐಸ್ ಇಡು” ಎಂದರು. ಆಮೇಲೆ ಎಲ್ಲರ ಕಡೆ ತಿರುಗಿ, “ಬನ್ನಿ, ರೆಕ್ಕೆ ಆರಿಹೋಗುತ್ತೆ” ಎಂದು ಒಳಗೆ ಹೊರಟರು. ಅವರ ಹಿಂದೆ ಉಳಿದವರೆಲ್ಲ ಹೋದರು. ಕಿರಣ ಮಾತ್ರ ಒಂದು ಗಳಿಗೆ ನಿಂತು, ಮಂಡಿಗೆ ಹತ್ತಿದ ಹುಲ್ಲಿನ ಕಲೆ ಉಜ್ಜಿಕೊಂಡು, “ಸಾರಿ ಬಾಸ್, ಫ್ಲೋನಲ್ಲಿ ಆಗೋಯ್ತು” ಎಂದು ತಾನೂ ಹೋದ.

ನಮ್ಮ ಪ್ರೀಸ್ಕೂಲಿನಲ್ಲಿ ಮೂರು ವರ್ಷದ ಮಗು ಮೇಜಿಗೆ ತಲೆ ತಾಗಿಸಿಕೊಂಡರೂ ನಾವು ತಾಯಿಗೆ ಫೋನ್ ಮಾಡುತ್ತೇವೆ, ಮನೆಗೆ ಹೋಗುವವರೆಗೂ ಮಗುವಿನ ಮುಖದ ಮೇಲಿನ ಕಣ್ಣು ತೆಗೆಯುವುದಿಲ್ಲ. ಇಲ್ಲಿ ಒಬ್ಬ ಡಾಕ್ಟರು ಪೇಷಂಟನ್ನು ದಾಟಿಕೊಂಡು ಚೆಂಡು ತರಲು ಹೋಗಿದ್ದರು.

ನಾನು ಯಾರಿಗೂ ಹೇಳದೆ ಅವನನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟೆ. ಇಂಚರ ಹಿಂದಿನ ಸೀಟಿನಲ್ಲಿ ಕೂತಿದ್ದಳು. ಗುಡ್ಡ ಇಳಿಯುವಾಗ ಗುರು ಕೇಳಿದ, “ಎಲ್ಲಿ ಹೊಂಟೇವಿ?”

“ಆಸ್ಪತ್ರೆಗೆ.”

“ಯಾರಿಗೇನಾಗೇತಿ?”

ಹೇಳಿದೆ. ಸ್ವಲ್ಪ ದೂರ ಹೋದ ಮೇಲೆ ಮತ್ತೆ, “ಎಲ್ಲಿ ಹೊಂಟೇವಿ ರೇವತಿ?” ಅದೇ ದನಿ, ಅದೇ ಮುಖ. ಇಂಚರ ಸಣ್ಣಗೆ ಅಳತೊಡಗಿದಳು. ಸಿಗ್ನಲ್ಲಿನಲ್ಲಿ ಅವನು ಕಾರಿನೊಳಗೇ ವಾಂತಿ ಮಾಡಿಕೊಂಡ. ಕೆಂಪು ಸಾಸು, ಬೆಣ್ಣೆ, ಅರಗದ ಕೋಳಿಯ ಚೂರು. ಹೊರಗಿನ ಬಿಸಿಗಾಳಿಗೆ ಆ ನಾತ ಕಾರಿನ ತುಂಬ ಹರಡಿತು. ಈಗಲೂ ಆ ಸಾಸಿನ ವಾಸನೆ ಬಂದರೆ ನನಗೆ ಮೊದಲು ಕಾಣುವುದು ಆ ಸಿಗ್ನಲ್ಲು.

ಆಸ್ಪತ್ರೆಯಲ್ಲಿ ಹೊರಗಿನ್ನೂ ಬಿಸಿಲಿರುವಾಗಲೇ ಅವನಿಗೆ ಸ್ವಲ್ಪ ತಿಳಿವು ಬಂತು. ನರ್ಸ್ ಬಂದು ಏನಾಯಿತೆಂದು ಕೇಳುವ ಮೊದಲೇ ನನ್ನ ಕೈ ಅದುಮಿ, “ಡಾಕ್ಟ್ರ ಮನಿ ಸುದ್ದಿ ಹೇಳಬ್ಯಾಡ. ಮನ್ಯಾಗ ಜಾರಿ ಬಿದ್ದೆ ಅಂತ ಹೇಳು. ಕಿರಣನ ಹೆಸರು ಬಂದರ ಎಲ್ಲಾ ಕೆಡತೈತಿ” ಎಂದ. ತನಗೆ ಏನಾಗಿದೆಯೆಂದು ಗೊತ್ತಿಲ್ಲ, ಬೆಳಗ್ಗೆ ತಿಂದ ಉಪ್ಪಿಟ್ಟು ನೆನಪಿಲ್ಲ, ಆದರೆ ಯಾರ ಹೆಸರು ಹೇಳಬಾರದೆಂಬುದು ನೆನಪಿತ್ತು. ನಾನು ಅವನ ಕೈ ಬಿಡಿಸಿಕೊಂಡು ನರ್ಸಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಹಿಂದಿನಿಂದ ಹೊಡೆದದ್ದು, ದಿಮ್ಮಿ, ಸೆಟೆದ ಕೈ, ಎಲ್ಲ. ಗುರು ಗೋಡೆ ಕಡೆ ಮುಖ ತಿರುಗಿಸಿದ.

ತಲೆಯ ಸ್ಕ್ಯಾನ್‌ನಲ್ಲಿ ರಕ್ತಸ್ರಾವ ಕಾಣಲಿಲ್ಲ. ಮಿದುಳು ಅಲುಗಿದೆ, ಕತ್ತಲ ಕೋಣೆಯಲ್ಲಿ ವಿಶ್ರಾಂತಿ ಬೇಕು, ಸ್ಕ್ರೀನ್ ನೋಡಬಾರದು, ವಾಸಿಯಾಗಲು ವಾರಗಳೂ ಆಗಬಹುದು ತಿಂಗಳುಗಳೂ ಆಗಬಹುದು ಎಂದರು. ಮರುದಿನ ವಸಂತಾ ಆಂಟಿ ಫೋನ್ ಮಾಡಿ ಅಳುವ ದನಿಯಲ್ಲಿ ವಿಚಾರಿಸಿದರು. ನರ್ಸಿಗೆ ಹೇಳಿದ್ದನ್ನೂ ಸೇರಿಸಿ ಎಲ್ಲ ಹೇಳಿದೆ. ಅವರ ಕೈಯಿಂದ ಡಾಕ್ಟರು ಫೋನ್ ತೆಗೆದುಕೊಂಡರು.

“ರೇವತಿ, ಆಸ್ಪತ್ರೆಯಲ್ಲಿ ನಮ್ಮನೆ ವಿಷಯ ಯಾಕಮ್ಮ ತೆಗೆದೆ? ನನ್ನ ಪ್ರೊಫೆಷನ್ ಏನು ಅಂತ ನಿಂಗೊತ್ತಿಲ್ವಾ?”

“ಗೊತ್ತು ಡಾಕ್ಟ್ರೇ. ಆ ಹೊತ್ತಲ್ಲಿ ನಿಮಗೆ ಗೊತ್ತಿರಲಿಲ್ಲ ಅನ್ಸುತ್ತೆ” ಎಂದೆ.

“ಇದೆಲ್ಲ ಆಟದಲ್ಲಿ ಇದ್ದದ್ದೇ. ನೀನು ಹೆಣ್ಣುಮಗಳು, ಗಾಬರಿಯಾಗಿದೀಯ” ಎಂದು ಡಾಕ್ಟರು ಫೋನ್ ಇಟ್ಟುಬಿಟ್ಟರು.

ಆ ಬೇಸಿಗೆಯ ಉಳಿದ ಭಾಗವನ್ನು ನಾವು ಪರದೆ ಎಳೆದ ಕೋಣೆಯಲ್ಲಿ ಕಳೆದೆವು. ಗುರುವಿಗೆ ಬೆಳಕು ಆಗದು, ತಟ್ಟೆಗೆ ಚಮಚ ತಾಗಿದ ಸದ್ದು ಆಗದು. ಇಂಚರ ಮನೆಯೊಳಗೆ ಕಾಲ ಬೆರಳಿನ ಮೇಲೆ ನಡೆಯುವುದನ್ನು ಕಲಿತಳು. ಒಮ್ಮೊಮ್ಮೆ ಅವನು ಕಾರಣವಿಲ್ಲದೆ ಅವಳ ಮೇಲೆ ರೇಗುತ್ತಿದ್ದ, ಆಮೇಲೆ ಅವಳ ಕೋಣೆಯ ಬಾಗಿಲಲ್ಲಿ ಕೂತು ಅಳುತ್ತಿದ್ದ. ಫೆಬ್ರವರಿಯ ಆ ಸೋಮವಾರ ಹೊಸ ಫೈನಲ್ ನಡೆಯುವಾಗ ಅವನ ಫೋನು ಹಾಸಿಗೆಯ ಪಕ್ಕ ಬಿಡದೆ ನಡುಗಿತು. ಎತ್ತಿ ನೋಡಿದೆ. ಭಾನುವಾರದವರ ಮೆಸೇಜ್ ಗುಂಪಿನಲ್ಲಿ ಅವನು ಬೀಳುವ ವಿಡಿಯೋ ಹರಿದಾಡುತ್ತಿತ್ತು. ಕೆಳಗೆ ನಗುವ ಮುಖಗಳು. ಯಾರೋ ಅದಕ್ಕೆ ತಮಟೆ ಸದ್ದು ಸೇರಿಸಿದ್ದರು. ಕಿರಣ ಹೊಡೆಯುವುದು, ಗುರು ದಿಮ್ಮಿಗೆ ಬಡಿಯುವುದು, ಡಾಕ್ಟರು ಕೈ ಎತ್ತುವುದು, ಅಲ್ಲಿಗೆ ಮುಗಿಯುತ್ತಿತ್ತು. ನನ್ನ ಭುಜದ ಮೇಲಿಂದ ಇಣುಕಿ ನೋಡಿದ ಇಂಚರ, “ದೇ ಕಟ್ ಔಟ್ ದಿ ಬಿಟ್ ವೇರ್ ಅಪ್ಪ ಡಿಡಂಟ್ ಗೆಟ್ ಅಪ್” ಎಂದಳು. ನಿಜ, ಗುರು ಏಳದೆ ಬಿದ್ದಿದ್ದ ಭಾಗವನ್ನೇ ಕತ್ತರಿಸಿದ್ದರು.

“ಏನ್ ಬಂದೈತಿ ಫೋನಿನಾಗ?” ಎಂದು ಕತ್ತಲಿನಿಂದ ಗುರು ಕೇಳಿದ.

“ನಿನ್ನ ಸ್ನೇಹಿತರು ನಿನ್ನ ವಿಡಿಯೋ ನೋಡಿ ನಗ್ತಿದಾರೆ.”

“ಛಲೋ ಬಂದೈತೇನು?” ಎಂದ. ಆ ಕ್ಷಣ ನನಗೆ ಅವನ ಪಕ್ಕ ಕೂರಲಾಗಲಿಲ್ಲ. ಎದ್ದು ಹಿತ್ತಲಿಗೆ ಹೋಗಿ ಒಣಗಿದ ಬಟ್ಟೆಗಳನ್ನು ತಂತಿಯಿಂದ ಕಿತ್ತು ಕಿತ್ತು ತೆಗೆದೆ.

ಮಾರ್ಚಿನಲ್ಲಿ ಕಿರಣನ ತಂಡಕ್ಕೆ ಬೇರೊಬ್ಬ ಸೇರಿದ. ಗುರುವೇ ಫೋನ್ ಮಾಡಿ ಕೇಳಿದನಂತೆ. “ನಿಮ್ಮ ಹೆಸರು ತಲೇಲಿತ್ತು ಬಾಸ್. ಆದ್ರೆ ಈ ಕಂಡೀಷನ್‌ನಲ್ಲಿ ಸ್ಕ್ರೀನ್ ನೋಡಕ್ಕಾಗಲ್ವಲ್ಲ” ಎಂದನಂತೆ ಕಿರಣ. ಗುರು ಅದನ್ನು ನನಗೆ ಹೇಳುವಾಗ, “ಅಂವ ಹೇಳೂದೂ ಖರೇನ ಐತಿ” ಎಂದು ಸೇರಿಸಿದ. ನಾನು ಅವನ ಮುಖ ನೋಡಿದೆ. ವ್ಯಂಗ್ಯವಿರಲಿಲ್ಲ. ನಂಬಿ ಹೇಳುತ್ತಿದ್ದ.

ಏಪ್ರಿಲಿನಲ್ಲಿ, ಮರಗಳ ಎಲೆ ಹಳದಿಯಾಗುವ ಹೊತ್ತಿಗೆ, ಹಾರ್ನ್‌ಬಿಯ ಒಂದು ಹಾಲ್‌ನಲ್ಲಿ ನಮ್ಮವರ ಯುಗಾದಿ. ನನಗೆ ಹೋಗುವ ಮನಸ್ಸಿರಲಿಲ್ಲ. ಗುರು ಎಷ್ಟೋ ದಿನಗಳ ಮೇಲೆ ಗಡ್ಡ ಬೋಳಿಸಿ, ಬಿಳಿ ಜುಬ್ಬಾ ಹಾಕಿ, ಕಪ್ಪು ಕನ್ನಡಕ ಏರಿಸಿಕೊಂಡು ಬಾಗಿಲಲ್ಲಿ ನಿಂತಿದ್ದ. ಹೋದೆವು. ಬೇವು ಬೆಲ್ಲ, ಮಕ್ಕಳ ಕುಣಿತ, ಭಾಷಣ. ಆಮೇಲೆ ಡಾಕ್ಟರು ಮೈಕು ಹಿಡಿದರು. ಬೇಸಿಗೆಯಿಡೀ ನಡೆದ ಓಟಿನ ಫಲಿತಾಂಶ ಹೇಳುತ್ತೇನೆ, ಆದರೆ ಎಲ್ಲ ಫೈನಲ್‌ಗಳಿಗಿಂತ ಹೆಚ್ಚು ಓಟು ಬಿದ್ದದ್ದು ನಮ್ಮದೇ ಫೈನಲ್‌ಗೆ ಎಂದರು. ದೀಪ ಆರಿಸಿದರು. ವೇದಿಕೆಯ ಗೋಡೆಯ ಮೇಲೆ, ಆಳೆತ್ತರಕ್ಕೂ ಮೀರಿ, ನನ್ನ ಗಂಡ ಓಡಿದ, ಬಗ್ಗಿದ, ಬಿದ್ದ. ತಮಟೆ ಮೊಳಗಿತು. ಹಾಲ್ ನಕ್ಕಿತು. ಒಬ್ಬಟ್ಟಿನ ಘಮ ಬರುತ್ತಿದ್ದ ಆ ಹಾಲ್‌ನಲ್ಲಿ, ರೇಷ್ಮೆ ಸೀರೆ ಉಟ್ಟವರು, ಕುಂಕುಮ ಇಟ್ಟವರು, ಮಡಿಲಲ್ಲಿ ಮಕ್ಕಳನ್ನು ಕೂರಿಸಿಕೊಂಡವರು ನಕ್ಕರು. ಗುರು ಆ ವಿಡಿಯೋ ನೋಡಿದ್ದು ಅದೇ ಮೊದಲ ಸಲ. ಕನ್ನಡಕ ತೆಗೆದು, ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಿದ್ದ.

“ಬಾರಯ್ಯ ಗುರು, ಪ್ರೈಜ್ ತಗೋ!” ಎಂದು ಡಾಕ್ಟರು ಕರೆದರು. ಅವರ ಕೈಯಲ್ಲಿ ಪ್ಲಾಸ್ಟಿಕ್ಕಿನ ಆಟದ ಹೆಲ್ಮೆಟ್ಟು. ಗುರು ಎದ್ದು ಹೋದ. ತಲೆಗೆ ಹೆಲ್ಮೆಟ್ಟು ಹಾಕಲು ಹೋದ ಡಾಕ್ಟರ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಮೈಕು ತೆಗೆದುಕೊಂಡ.

“ಇನ್ನೊಮ್ಮೆ ಹಾಕ್ರಿ” ಎಂದ.

ಜನ ಇನ್ನಷ್ಟು ನಕ್ಕರು. ಮತ್ತೆ ಹಾಕಿದರು. ಮತ್ತೆ ಬಿದ್ದ. ಡಾಕ್ಟರು ಕೈ ಎತ್ತುವಲ್ಲಿಗೆ ನಿಂತಿತು.

“ಆಮ್ಯಾಲ?” ಎಂದ ಗುರು.

“ಏನು ಆಮೇಲೆ?” ಡಾಕ್ಟರು ನಗುತ್ತಲೇ ಕೇಳಿದರು.

“ನಾ ಎದ್ದದ್ದು ಎಲ್ಲೈತಿ ಇದರಾಗ? ನನಗ ಅವತ್ತಿಂದು ಏನೂ ನೆನಪಿಲ್ರಿ. ಅದಕ್ಕ ಕೇಳಾಕತ್ತೇನಿ. ನಾ ಯಾವಾಗ ಎದ್ದೆ? ಯಾರು ಎಬ್ಬಿಸಿದ್ರಿ ನನ್ನ?”

ಅವನು ಸಿಟ್ಟಿನಿಂದ ಕೇಳಲಿಲ್ಲ. ಕಳೆದುಹೋದ ವಸ್ತುವನ್ನು ಯಾರಾದರೂ ಕಂಡಿರಾ ಎಂದು ಕೇಳುವವನ ಹಾಗೆ, ಒಂದೊಂದು ಸಾಲಿನ ಮುಖಗಳನ್ನೂ ನೋಡುತ್ತಾ ಕೇಳಿದ. ನಗು ಅಲ್ಲಲ್ಲಿ ಉಳಿದು, ಆಮೇಲೆ ಅದೂ ನಿಂತಿತು. ಕಿರಣ ತನ್ನ ಫೋನು ನೋಡುತ್ತಿದ್ದ. ಡಾಕ್ಟರು ಮೈಕು ಹಿಂದಕ್ಕೆ ತೆಗೆದುಕೊಂಡು, ಗಂಟಲು ಸರಿಮಾಡಿಕೊಂಡು, “ಸರಿ ಸರಿ, ಊಟ ರೆಡಿ ಇದೆ, ಹಿರಿಯರು ಮೊದಲು ಬನ್ನಿ” ಎಂದರು. ಕುರ್ಚಿಗಳು ಸರಿದ ಸದ್ದು. ನೋಡುನೋಡುತ್ತಲೇ ಸಾಲು ಕಟ್ಟಿತು. ನನ್ನ ಪಕ್ಕದಲ್ಲಿದ್ದ ಹೆಂಗಸೊಬ್ಬಳು ಎದ್ದವಳು, “ಹಬ್ಬದ ದಿನ ಇದೆಲ್ಲ ಬೇಕಿತ್ತಾ?” ಎಂದು ನನಗೆ ಕೇಳಿಸುವಂತೆ ಹೇಳಿ ಹೋದಳು.

ವಸಂತಾ ಆಂಟಿ ಬಾಗಿಲವರೆಗೆ ಬಂದು ನನ್ನ ಕೈಗೆ ಒಬ್ಬಟ್ಟಿನ ಪೊಟ್ಟಣ ಇಡಲು ನೋಡಿದರು. “ಬೇಡ ಆಂಟಿ” ಎಂದೆ. ಅವರು ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿಂದಿರುಗಿದರು. ಆ ಗುಂಪು ಈಗಲೂ ಸೇರುತ್ತದೆ, ಇನ್ನೂ ದೊಡ್ಡದಾಗಿದೆ ಎಂದು ಕೇಳಿದ್ದೇನೆ. ನಾವು ಆಮೇಲೆ ಅತ್ತ ಹೋಗಲಿಲ್ಲ.

ಕಾರಿನಲ್ಲಿ ಕೂತ ಮೇಲೆ ಗುರು, “ಈಗ ನೀ ಹೇಳು. ಮೊದಲಿಂದ ಹೇಳು” ಎಂದ. ಹೇಳಿದೆ. ನಾನು ಬಿಟ್ಟದ್ದನ್ನು ಇಂಚರ ಹಿಂದಿನ ಸೀಟಿನಿಂದ ಸೇರಿಸಿದಳು. ಕಿರಣನನ್ನು ದಾಟಿದ್ದು, ಮಾತು ಉಳಿಸಿಕೊಂಡು ತಾನೇ ನಿಂತದ್ದು, ಹಿಂದಿನಿಂದ ಬಂದ ಭುಜ, ಡಾಕ್ಟರು ದಾಟಿಕೊಂಡು ಹೋದದ್ದು. ಅವನು ಡ್ಯಾಶ್‌ಬೋರ್ಡ್ ನೋಡುತ್ತಾ ಕೇಳಿದ.

“ಎಲ್ಲಾರೂ ನಗತಿದ್ರೇನು?”

“ಹೂಂ.”

“ನೀ?”

“ಇಲ್ಲ.”

“ಮತ್ತ ನಾ? ಎದ್ದು ಕುಂತು ನಾ ಏನ್ ಮಾಡಿದೆ?”

ಇದೊಂದನ್ನು ಹೇಳದೆ ಬಿಡೋಣವೆನಿಸಿತು. ಆದರೆ ಅವನಿಗೆ ಆ ದಿನ ಇರುವುದು ನನ್ನ ಬಾಯಲ್ಲಿ ಮಾತ್ರ. ಅದರಲ್ಲೂ ನಾನು ಕತ್ತರಿಸಿದರೆ ಅವರಿಗೂ ನನಗೂ ಏನು ವ್ಯತ್ಯಾಸ?

“ನೀನೂ ನಕ್ಕೆ ಗುರು. ಎಲ್ಲರಿಗಿಂತ ಜೋರಾಗಿ.”

ಅವನು ಹಾಲ್‌ನ ಕಡೆ ತಿರುಗಿದ. ಹಾಲ್‌ನ ಕಿಟಕಿಯಲ್ಲಿ ಊಟಕ್ಕೆ ಕೂತವರ ತಲೆಗಳು ಕಾಣುತ್ತಿದ್ದವು. ಅವನ ಮುಖದಲ್ಲಿ ಏನೋ ನಿಧಾನವಾಗಿ ಮೇಲೆ ಬಂತು. ತುಟಿ ಸೊಟ್ಟಗಾಯಿತು, ಮೂಗಿನ ಹೊಳ್ಳೆ ಅರಳಿತು. ಒಂದು ಇಡೀ ಬೇಸಿಗೆ ನಾನು ಒಬ್ಬಳೇ ಹೊತ್ತು ತಿರುಗಿದ್ದ ಮುಖ ಅದು. ಕಿಟಕಿಯ ಗಾಜು ಇಳಿಸಿ, “ಥೂ” ಎಂದು ಹೊರಗೆ ಉಗುಳಿದ.

“ನಡಿ ಮನಿಗೆ. ಹಸಿವಾಗೇತಿ” ಎಂದ. ನಾನು ಕಾರು ಶುರು ಮಾಡಿದೆ.